ಕೈಕಸಿ

ಒಬ್ಬರ ಕೈಯಲ್ಲಿರುವ ಕಸುಬನ್ನು ಇನ್ನೊಬ್ಬರ ಕೈಗೆ ಹಾಕಬಹುದು ಎಂದು ಮೊದಲು ಹೇಳಿದ ವಿಜ್ಞಾನಿಯನ್ನು ಜನ ನಕ್ಕು ಕಳಿಸಿದ್ದರು. ಹಾಗೆ ನಕ್ಕ ದೇಶಗಳೇ ಆಮೇಲೆ ಆ ಯಂತ್ರಕ್ಕಾಗಿ ದುಂಬಾಲು ಬಿದ್ದವು. ಅವುಗಳ ಕಷ್ಟ ಅವಕ್ಕೆ. ಕೆಲಸ ಬಲ್ಲವರೆಲ್ಲ ಮುದುಕರಾಗಿದ್ದರು, ಅವರಿಂದ ಕಲಿಯಬೇಕಾದವರು ಹುಟ್ಟಿರಲೇ ಇಲ್ಲ. ನಾರ್ವೆಯ ಕಡಲ ದಂಡೆಯಲ್ಲಿ ಸ್ಕಾರ್ವಿಕ್ ಎಂಬ ಊರು. ಅದರ ಮುಂದೆ ಕಣ್ಣು ಹಾಯುವಷ್ಟು ದೂರ ಸಮುದ್ರದೊಳಗೆ ಗಾಳಿಯಂತ್ರಗಳು. ಅವುಗಳ ರೆಕ್ಕೆ ಬಿರುಕು ಬಿಟ್ಟರೆ ಅಂಗೈಯಿಂದ ಸವರಿ ಪತ್ತೆ ಹಚ್ಚಿ, ಗಾಜಿನ ನಾರಿನ ಬಟ್ಟೆಯನ್ನು ಪದರು ಪದರಾಗಿ ಅಂಟಿಸಿ ಸರಿಮಾಡುವವರು ಬೆರಳೆಣಿಕೆಯಷ್ಟು ಉಳಿದಿದ್ದರು. ರೋಬಾಟುಗಳಿಗೆ ಆ ಕೆಲಸ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿತ್ತು, ಆದರೆ ಅವು ಹಾಕಿದ ತೇಪೆ ಮೊದಲ ಬಿರುಗಾಳಿಗೇ ಕಿತ್ತು ಬರುತ್ತಿತ್ತು.

ಹಾಗಾಗಿ ಆ ಊರು ಪರದೇಶಗಳಿಂದ ಜನರನ್ನು ಕರೆಸಿ ಅವರ ಕೈಗೆ ಕಸುಬು ಹಾಕಿ ಕೆಲಸಕ್ಕೆ ಹಚ್ಚುತ್ತಿತ್ತು. ಯಂತ್ರಕ್ಕೆ ಮಾರುದ್ದದ ಹೆಸರಿತ್ತು. ಅದನ್ನು ನಡೆಸುತ್ತಿದ್ದ ಹೊಸಪೇಟೆಯ ವಿರೂಪಾಕ್ಷ, ಮಾವಿನ ಗಿಡಕ್ಕೆ ಕಸಿ ಕಟ್ಟಿದ ಹಾಗೇ ಅಲ್ಲವೇ ಎಂದು, ಅದಕ್ಕೆ ಕೈಕಸಿ ಎಂದು ಹೆಸರಿಟ್ಟ. ಅಲ್ಲಿದ್ದ ಕನ್ನಡದವರ ನಡುವೆ ಆ ಹೆಸರೇ ನಿಂತಿತು.

ಆ ದಿನ ಯಂತ್ರದ ಕೋಣೆಯಲ್ಲಿ ಕೂತವಳು ಗದಗಿನ ದಾನಮ್ಮ. ನಲವತ್ತು ದಾಟಿದ ಹೆಂಗಸು. ತಲೆಗೆ ತೆಳ್ಳನೆಯ ಟೊಪ್ಪಿಗೆ, ಎರಡೂ ಕೈಗೆ ಜಾಲರಿಯಂಥ ಕೈಗವಸು.

"ನಿಮ್ಮ ಕೈಗೆ ಏನೇನು ಬರತೈತ್ರಿ?" ಎಂದು ವಿರೂಪಾಕ್ಷ ಕೇಳಿದ. "ಕಳಕೋಬಾರದು ಅನ್ನೂದನ್ನ ಎಲ್ಲಾ ಮಾಡಿ ತೋರಸ್ರಿ."

ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಹೊಸ ಕಸುಬಿಗೆ ಕಿರುಮೆದುಳಿನಲ್ಲಿ ಜಾಗ ಬೇಕು. ಕೈ ಹೆಚ್ಚು ಓಡಾಡಿ ಸವೆದ ದಾರಿ ಯಾವುದಿದೆಯೋ ಅದರ ಮೇಲೇ ಅದು ಹೋಗಿ ಕೂರುತ್ತದೆ. ಅದಕ್ಕಾಗಿ ಉಳಿಸಿಕೊಳ್ಳಬೇಕಾದ ಕೈಕೆಲಸಗಳನ್ನು ಮೊದಲೇ ಮಾಡಿ ತೋರಿಸಬೇಕು. ಯಂತ್ರ ಅವುಗಳ ದಾರಿ ಗುರುತಿಸಿ ಸುತ್ತ ಬೇಲಿ ಹಾಕುತ್ತದೆ. ಬೇಲಿಯ ಹೊರಗೆ ಉಳಿದದ್ದು ಹೋದರೆ ಹೋಯಿತು.

"ರೊಟ್ಟಿ ಬಡೀತೀನಿ," ಎಂದಳು ದಾನಮ್ಮ. "ಕಸೂತಿ ಬರತೈತಿ, ನಮ್ಮವ್ವ ಕಲಿಸಿದ್ದು. ಟೈಪಿಂಗ್ ಬರತೈತಿ. ಸ್ಕೂಟರ್ ಹೊಡೀತೀನಿ."

"ರೊಟ್ಟಿಗೆ ಮೊದಲ ಬೇಲಿ ಹಾಕೋಣ್ರಿ. ಈ ಊರಿನ ಬ್ರೆಡ್ ನೀವಿನ್ನೂ ತಿಂದಿಲ್ಲ ಕಾಣಸ್ತದ."

ಇಬ್ಬರೂ ನಕ್ಕರು. ಅವಳು ಗಾಳಿಯಲ್ಲೇ ರೊಟ್ಟಿ ಬಡಿದಳು, ಇಲ್ಲದ ಸೂಜಿಯಿಂದ ಕಸೂತಿಯ ಗೋಪುರ ಹೆಣೆದಳು, ಮೇಜಿನ ಮೇಲೆ ಟೈಪ್ ಮಾಡಿದಳು, ಸ್ಕೂಟರಿನ ಹಿಡಿ ತಿರುವಿದಳು.

"ಇನ್ನೇನರ?"

"ಅಷ್ಟರೀ. ನಾ ಏನು ದೊಡ್ಡ ಕಲಾವಿದೆ ಏನ್ರೀ?"

ಗಾಜಿನ ಗೋಡೆಯಾಚೆ ಬೆಂಚಿನ ಮೇಲೆ ಅವಳ ಅಪ್ಪ ಅಡಿವೆಪ್ಪ ಕೂತಿದ್ದ. ಅವನು ಕೈಯೆತ್ತಿ, ನೋವಾಗುತ್ತದೆಯೇ ಎಂದು ಸನ್ನೆಯಲ್ಲಿ ಕೇಳಿದ. ದಾನಮ್ಮ ಪಟಪಟನೆ ಕೈಯಾಡಿಸಿದಳು: ಇಲ್ಲ, ಹೆದರಬೇಡ, ಎಡಗಡೆ ಚಹಾದ ಯಂತ್ರ ಇದೆ, ಹಳದಿ ಗುಂಡಿ ಒತ್ತು, ಕರೇದು ಒತ್ತಿದರೆ ಹಾಲಿಲ್ಲದ ಕಷಾಯ ಬರುತ್ತದೆ. ಇಷ್ಟನ್ನೂ ಅವಳ ಬೆರಳು ಒಂದು ಉಸಿರಿನಲ್ಲಿ ಹೇಳಿತು. ವಿರೂಪಾಕ್ಷ ಅದನ್ನು ನೋಡಿದ, ಮುದುಕನಿಗೆ ತಾನೂ ಕೈಬೀಸಿದ, ಆಮೇಲೆ ಯಂತ್ರ ಚಾಲೂ ಮಾಡಿದ. ಇಬ್ಬರಿಗೂ ಹೊಳೆಯಲಿಲ್ಲ. ಮನೆಯವರ ಜೊತೆ ಆಡುವ ಮಾತನ್ನು ವಿದ್ಯೆ ಎಂದು ನಮ್ಮಲ್ಲಿ ಯಾರು ಎಣಿಸುತ್ತಾರೆ? ಕಸೂತಿಯನ್ನು ಅವ್ವ ಕೂರಿಸಿ ಕಲಿಸಿದ್ದಳು, ಟೈಪಿಂಗಿಗೆ ಕ್ಲಾಸಿತ್ತು. ಅಪ್ಪನ ಜೊತೆಗಿನ ಮಾತು ಹಾಗಲ್ಲ, ಅದು ಮನೆಯೊಳಗೆ ಮೊದಲಿನಿಂದ ಇದ್ದದ್ದು.

ಅಡಿವೆಪ್ಪನ ಕಿವಿಯನ್ನು ಎಳೆತನದ ಒಂದು ಜ್ವರ ಒಯ್ದಿತ್ತು. ಮಾತು ಬರಲೇ ಇಲ್ಲ. ಶಾಲೆಗೆ ಯಾರೂ ಸೇರಿಸಲಿಲ್ಲ, ಅಕ್ಷರ ಗೊತ್ತಿಲ್ಲ. ಗದಗಿನ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಸೇರಿದ ಮೇಲೆ ಅವನ ದೆಸೆ ತಿರುಗಿತು. ಆ ಮಿಲ್ಲಿನ ಸದ್ದಿಗೆ ಕಿವಿಯಿದ್ದವರೂ ಕಿವುಡರೇ. ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು: ಬೆಲ್ಟು ಜಾರಿತು, ಹತ್ತಿ ಹಸಿ ಇದೆ, ಮಾಲಕ ಬಂದ, ಚಹಾ ಬಂತು. ಅಡಿವೆಪ್ಪ ಹುಟ್ಟಿದ ಮೇಲೆ ಮೊದಲ ಸಲ ಎಲ್ಲರ ಹಾಗೆ ಒಬ್ಬನಾದ. ಆ ಸನ್ನೆಗಳನ್ನು ಮನೆಗೆ ತಂದ. ಹೆಂಡತಿ ನೀಲವ್ವ ಅವಕ್ಕೆ ಒಗ್ಗರಣೆ ಹಾಕಿದಳು. ಮಗಳು ಹುಟ್ಟಿ ಅದನ್ನು ಪೂರ್ತಿ ಭಾಷೆ ಮಾಡಿದಳು. ಜಗಳಕ್ಕೆ, ಚೇಷ್ಟೆಗೆ, ಓಣಿಯ ಸುದ್ದಿಗೆ, ನೀಲವ್ವ ತೀರಿಕೊಂಡಾಗ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಕ್ಕೆ, ಎಲ್ಲಕ್ಕೂ ಅದರಲ್ಲಿ ಮಾತಿತ್ತು. ಮಿಲ್ಲಿಗೆ ಬುತ್ತಿ ತರುತ್ತಿದ್ದ ಮಗಳ ಕೂದಲಲ್ಲಿ ಸದಾ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಹಾಗಾಗಿ ಕಿವಿಯ ಮೇಲಿಂದ ಏನೋ ಕಿತ್ತು ಅಂಗೈಯಲ್ಲಿಟ್ಟು ಊದಿದರೆ ದಾನಮ್ಮ ಎಂದರ್ಥ. ನೀಲವ್ವ ಹೋದ ಮೇಲೆ ಜಗತ್ತಿನಲ್ಲಿ ಆ ಭಾಷೆ ಆಡುವವರು ಇಬ್ಬರೇ ಉಳಿದರು.

ಮಿಲ್ಲಿನಲ್ಲಿ ದಿನದ ಕೊನೆಗೆ ಹತ್ತಿಯನ್ನು ಒತ್ತಿ, ಪಟ್ಟಿ ಬಿಗಿದು ಅಂಡಿಗೆ ಕಟ್ಟುತ್ತಿದ್ದರು. ಅಂಡಿಗೆ ಗಟ್ಟಿಯಾಗಿದ್ದರೆ ಎರಡು ಮುಷ್ಟಿ ಒಂದರ ಮೇಲೊಂದಿಟ್ಟು ಬಿಗಿಯಾಗಿ ಎಳೆದು ತೋರಿಸಬೇಕು. ಸಡಿಲಾಗಿದ್ದರೆ ಬೆರಳು ಬಿಡಿಸಿ ಕೆಳಗೆ ಜೋಲಿಸಬೇಕು. ಮಗಳು ದುಡಿಯಲು ಹೋಗತೊಡಗಿದ ಮೇಲೆ ಅಡಿವೆಪ್ಪ ಪ್ರತಿ ಸಂಜೆ ಅವಳನ್ನು ಕೇಳುತ್ತಿದ್ದ ಪ್ರಶ್ನೆ ಇದೇ: ಇವತ್ತಿನ ಅಂಡಿಗೆ ಹೇಗೆ?

ದಾನಮ್ಮನ ಬೆರಳು ಜೋಲುತ್ತಲೇ ಇದ್ದವು. ಮೊದಲು ಬಾಲವಾಡಿಯಲ್ಲಿ ಪಾಠ ಹೇಳಿದಳು, ಅದನ್ನು ಮುಚ್ಚಿದರು. ಮದುವೆಯಾಗಿ ಹುಬ್ಬಳ್ಳಿಗೆ ಹೋಗಿ ಔಷಧದ ಅಂಗಡಿಯಲ್ಲಿ ನಿಂತಳು. ಗಂಡ ಬೇರೆಯವಳ ಹಿಂದೆ ಹೋದ, ಇವಳು ಅಪ್ಪನ ಮನೆಗೆ ಬಂದು ಟೈಪಿಂಗ್ ಹಿಡಿದಳು. ಟೈಪಿಂಗನ್ನು ಕಂಪ್ಯೂಟರು ತಾನೇ ಮಾಡಿಕೊಳ್ಳತೊಡಗಿತು. ಒಂದು ಕೆಲಸವೂ ಅವಳನ್ನು ಬೇಕು ಎಂದು ಹಿಡಿದುಕೊಳ್ಳಲಿಲ್ಲ, ಅವಳಿಗೂ ಒಂದೂ ನನ್ನದು ಅನ್ನಿಸಲಿಲ್ಲ. ಸ್ಕಾರ್ವಿಕ್‌ನವರು ಒಬ್ಬ ಅವಲಂಬಿತರನ್ನು ಜೊತೆಗೆ ಕರೆತರಬಹುದು ಎಂದಾಗ ಅವಳು ಹಿಂದೆಮುಂದೆ ನೋಡಲಿಲ್ಲ. ಅಪ್ಪನ ಟ್ರಂಕನ್ನೂ ತುಂಬಿದಳು.

ಕಸಿ ಸುಸೂತ್ರವಾಗಿ ಆಯಿತು. ಎರಡು ದಿನ ಯಾರನ್ನೂ ನೋಡಗೊಡದೆ ಕೇಂದ್ರದಲ್ಲೇ ಮಲಗಿಸಿದ್ದರು, ಬೆರಳು ಜುಮ್ಮೆಂದವು, ಅಷ್ಟೇ. ಮೂರನೆಯ ದಿನ ಅಲ್ಲಿಂದಲೇ ಅವಳನ್ನು ರಿಪೇರಿ ಶೆಡ್ಡಿಗೆ ಕಳಿಸಿದರು.

ಶೆಡ್ಡು ಎಂದರೆ ನಮ್ಮ ಊರಿನ ಸಂತೆ ಮೈದಾನದಷ್ಟು ಉದ್ದ. ಅದರೊಳಗೆ ಬಿಳಿಯ ರೆಕ್ಕೆಯೊಂದು ಅಡ್ಡ ಮಲಗಿತ್ತು. ದಾನಮ್ಮ ಅದರ ಮೇಲೆ ಅಂಗೈಯಿಟ್ಟಳು. ಕಣ್ಣಿಗೆ ನುಣ್ಣಗಿದ್ದ ಮೈ ಕೈಗೆ ಬೇರೆಯಾಗಿತ್ತು. ಒಂದು ಕಡೆ ಒಳಗೆ ಟೊಳ್ಳು, ಒಂದು ಕಡೆ ಕೂದಲೆಳೆಯಂಥ ಬಿರುಕು. ಅಂಗೈ ತಾನಾಗಿ ನಿಂತಿತು. ಅವಳು ಸೀಮೆಸುಣ್ಣದಿಂದ ಗುರುತು ಹಾಕಿದಳು, ಉಜ್ಜಿದಳು, ನಾರಿನ ಬಟ್ಟೆ ಹಾಸಿ ಅಂಟು ಸವರಿ, ಅಡಿಯಲ್ಲಿ ಗಾಳಿ ಉಳಿಯದಂತೆ ಹಸ್ತದಿಂದ ಒತ್ತುತ್ತ ಹೋದಳು. ಊಟದ ಗಂಟೆ ಬಾರಿಸಿದ್ದು ಅವಳಿಗೆ ಕೇಳಿಸಲಿಲ್ಲ. ಕಸುಬು ಇನ್ನೊಬ್ಬರದು, ನಿಜ. ಯಾರೋ ಸತ್ತ ಮುದುಕನ ಕೈಯದು. ಆದರೆ ಆ ಬಿರುಕು ಸಿಕ್ಕಾಗ ಆದ ಸಂತೋಷ ಅವಳದೇ ಆಗಿತ್ತು. ಅಷ್ಟು ವರ್ಷ ಹುಡುಕಿದ್ದು ಇದನ್ನೇ ಎಂದು ಅವಳಿಗೆ ಖಾತ್ರಿಯಾಯಿತು, ಅಳು ಬಂತು.

ಸಂಜೆ ಬಸ್ಸಿಳಿದು ಅಕ್ಷರಶಃ ಓಡುತ್ತ ಮನೆಗೆ ಬಂದಳು. ಅಡಿವೆಪ್ಪ ಬಾಗಿಲಲ್ಲೇ ನಿಂತಿದ್ದ. ಕಿವಿಯ ಮೇಲಿಂದ ಕಿತ್ತು ಊದಿದ. ಇವತ್ತಿನ ಅಂಡಿಗೆ ಹೇಗೆ ಎಂದು ಕೇಳಿದ.

ದಾನಮ್ಮ ಮುಷ್ಟಿ ಎತ್ತಿದಳು. ಬೆರಳು ತಾವೇ ಬಿಚ್ಚಿಕೊಂಡು ಚಪ್ಪಟೆಯಾದವು. ಅಂಗೈ ಗಾಳಿಯಲ್ಲಿ ಇಲ್ಲದ ರೆಕ್ಕೆಯೊಂದನ್ನು ಸವರಿತು. ಮತ್ತೆ ಎತ್ತಿದಳು. ಮತ್ತೆ ಸವರಿತು. ಅಪ್ಪಾ ಎನ್ನಲು ಹೋದಳು, ಕೈ ಸವರಿತು. ಚೀಲ ಹಿಡಿಯಲು ಅದೇ ಮುಷ್ಟಿ ಕಟ್ಟುತ್ತಿತ್ತು, ರೊಟ್ಟಿ ಬಡಿಯಲು ಅದೇ ಬೆರಳು ಬಾಗುತ್ತಿದ್ದವು. ಮಾತಾಡಬೇಕೆಂದು ಎತ್ತಿದ ಕೂಡಲೇ ಮಾತ್ರ ತೊದಲುತ್ತಿದ್ದವು. ಹುಟ್ಟಿದಾಗಿನಿಂದ ಅವಳ ಕೈ ಹೆಚ್ಚು ಓಡಾಡಿದ ದಾರಿ ಯಾವುದೋ, ಕಸಿ ಅದರ ಮೇಲೇ ಕೂತಿತ್ತು.

ಅಪ್ಪನ ಸನ್ನೆ ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ತಿರುಗಿ ಹೇಳಲು ತಲೆ ಅಲ್ಲಾಡಿಸುವುದು, ತೋರುಬೆರಳು ತೋರಿಸುವುದು ಬಿಟ್ಟರೆ ಏನೂ ಇರಲಿಲ್ಲ. ಏನಾಯಿತು ಎಂದು ಹೇಳುವುದಾದರೂ ಹೇಗೆ? ಹೇಳುವ ಕೈಯೇ ಹೋಗಿತ್ತು. ಅಡಿವೆಪ್ಪ ಮೊದಲೆರಡು ದಿನ ಆಯಾಸ ಎಂದುಕೊಂಡ. ಆಮೇಲೆ, ನಾನೇನು ತಪ್ಪು ಮಾಡಿದೆ ಎಂದು ಕೇಳಿದ. ಅವಳು ಜೋರಾಗಿ ತಲೆಯಲ್ಲಾಡಿಸಿ ಅವನ ಕೈ ಹಿಡಿದುಕೊಂಡಳು. ಅವನು ಮೆಲ್ಲಗೆ ಬಿಡಿಸಿಕೊಂಡ. ಬಸ್ಸಿನಲ್ಲಿ, ಅಂಗಡಿಯಲ್ಲಿ ಸನ್ನೆ ಮಾಡುವುದನ್ನು ನಿಲ್ಲಿಸಿದ, ಆಮೇಲೆ ಮನೆಯಲ್ಲೂ ಕಡಿಮೆ ಮಾಡಿದ. ಸಂಜೆಯ ಪ್ರಶ್ನೆ ಒಂದನ್ನು ಮಾತ್ರ ಬಿಡಲಿಲ್ಲ. ಉತ್ತರ ಬರದಿದ್ದಾಗ ಹೋಗಿ ಚಹಾಕ್ಕೆ ಇಡುತ್ತಿದ್ದ.

ಒಂದು ಭಾನುವಾರ ಅವನು ಟ್ರಂಕು ತೆಗೆದು ಅಂಗಿ ಮಡಚಿ ಇಡುತ್ತಿದ್ದದ್ದನ್ನು ಅವಳು ನೋಡಿದಳು. ಅವನು ಬೇಸರವಿಲ್ಲದೆ, ನಿಧಾನವಾಗಿ ಹೇಳಿದ: ದೊಡ್ಡ ಊರು, ದೊಡ್ಡ ಕೆಲಸ. ಮೂಕನ ಜೊತೆ ಕೈಯಾಡಿಸಲು ನಾಲ್ಕು ಜನರ ಮುಂದೆ ನಾಚಿಕೆಯಾಗುತ್ತದೆ, ನನಗೆ ತಿಳಿಯುತ್ತದೆ. ನನ್ನನ್ನು ಊರಿಗೆ ಕಳಿಸು.

ದಾನಮ್ಮ ನೆಲದ ಮೇಲೆ ಕೂತು ಅತ್ತಳು. ಅವಳ ಕೈ ಗಾಳಿಯನ್ನು ಸವರುತ್ತಲೇ ಇತ್ತು.

ಮರುದಿನ ಅವಳು ಯಂತ್ರದ ಕೋಣೆಗೆ ಹೋದಳು. ವಿರೂಪಾಕ್ಷ ಕೇಳಿಸಿಕೊಂಡು ಹಣೆಗೆ ಕೈಹಚ್ಚಿ ಕೂತುಬಿಟ್ಟ.

"ನಾ ನೋಡೀನ್ರೀ ಅಕ್ಕಾರ. ಗಾಜಿನಾಗಿಂದ ನೀವು ಮಾತಾಡಿದ್ದು ನನ್ನ ಕಣ್ಣಾರೆ ನೋಡೀನಿ. ಹೊಳೀಲಿಲ್ಲ ನೋಡ್ರಿ ನನಗ."

"ನನಗ ಹೊಳೀಲಿಲ್ಲ, ಇನ್ನ ನಿಮಗೆಲ್ಲಿಂದ ಹೊಳೀಬೇಕು?" ಎಂದಳು ದಾನಮ್ಮ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಸಿಗ್ರೂನ್, ನರೆಗೂದಲಿನ ಗಂಭೀರ ಹೆಂಗಸು, ದಾನಮ್ಮನ ಮೆದುಳಿನ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಕಸಿ ಪೂರ್ತಿ ಬೇರು ಬಿಡುವ ಮುಂಚೆ ಕಿತ್ತುಹಾಕಬಹುದು ಎಂದರು. ಹಳೆಯ ದಾರಿ ಬಹುಪಾಲು ಮರಳಿ ಬರುತ್ತದೆ. ಆದರೆ ಕಸುಬು ಹೋಗುತ್ತದೆ, ಅದೇ ಮೆದುಳಿಗೆ ಎರಡನೆಯ ಸಲ ಕಸಿ ಕಟ್ಟಲು ಬರುವುದಿಲ್ಲ, ಕಸುಬಿಲ್ಲದವರು ಈ ದೇಶದಲ್ಲಿ ಉಳಿಯುವಂತಿಲ್ಲ. ಕಸಿ ಉಳಿಸಿಕೊಂಡರೆ ಹಳೆಯ ದಾರಿ ಒಣಗುತ್ತದೆ. ಮತ್ತೆ ಕಲಿಯಬಹುದು, ಆದರೆ ಕೂಸು ಕಲಿತ ಹಾಗೆ ಮೊದಲಿನಿಂದ, ಎಷ್ಟು ಬರುತ್ತದೋ ಹೇಳಲಾಗದು. "ಕೇಳಬೇಕಾದದ್ದು ನಾವು. ನಾವು ಸರಿಯಾಗಿ ಕೇಳಲಿಲ್ಲ," ಎಂದು ಅವರು ತಮ್ಮ ಭಾಷೆಯಲ್ಲಿ ಹೇಳಿದರು. ದಾನಮ್ಮನ ಕಿವಿಯಲ್ಲಿದ್ದ ಯಂತ್ರ ಅದನ್ನು ಕನ್ನಡ ಮಾಡಿತು. ಎಲ್ಲ ಭಾಷೆಗೂ ಅದರಲ್ಲಿ ಜಾಗವಿತ್ತು, ಅವಳ ಅಪ್ಪನದೊಂದನ್ನು ಬಿಟ್ಟು.

"ತಗದ್ಹಾಕ್ರಿ," ಎಂದಳು ದಾನಮ್ಮ. "ಇಂಥಾ ಕೆಲಸ ನನಗ ಹಿಂದ ಸಿಕ್ಕಿಲ್ಲ, ಮುಂದ ಸಿಗೂದಿಲ್ಲ. ಅದು ನನಗೊತ್ತೈತಿ. ಆದ್ರ ನಮ್ಮಪ್ಪಗ ಮಾತಾಡಾಕ ನಾ ಒಬ್ಬಾಕೀನ ಇರೂದು."

ಗುರುವಾರಕ್ಕೆ ನಿಶ್ಚಯವಾಯಿತು. ಹೊರಡುವಾಗ ವಿರೂಪಾಕ್ಷ ಬಾಗಿಲ ತನಕ ಬಂದ. "ಅಪ್ಪಾರನ ನಾಳೆ ಕರಕೊಂಡು ಬರ್ರಿ. ನಿಮಗ ಹೇಳಾಕ ಆಗೂದಿಲ್ಲ, ನನಗ ತೋರಸಾಕ ಆಗತೈತಿ," ಎಂದ.

ಮರುದಿನ ಅಡಿವೆಪ್ಪ ಊರಿಗೆ ಟಿಕೆಟ್ ಮಾಡಿಸಲು ಹೊರಟಿದ್ದೇವೆ ಎಂದುಕೊಂಡೇ ಕೋಟು ಹಾಕಿಕೊಂಡು ಬಂದ. ವಿರೂಪಾಕ್ಷ ಅವನ ತಲೆಗೆ ಟೊಪ್ಪಿಗೆ, ಕೈಗೆ ಜಾಲರಿಯ ಕೈಗವಸು ತೊಡಿಸಿ, ಏನಾದರೂ ಹೇಳಿ ಎಂದು ಸನ್ನೆ ಮಾಡಿದ. ಅಡಿವೆಪ್ಪ ಸಂಕೋಚದಿಂದ, ಇವನು ಊಟ ಸರಿಯಾಗಿ ಮಾಡುವುದಿಲ್ಲ ಕಾಣುತ್ತದೆ ಎಂದು ಮಗಳಿಗೆ ಹೇಳಿದ. ಪರದೆಯ ಮೇಲೆ ಅವನ ತಲೆಯ ಚಿತ್ರದಲ್ಲಿ ಒಂದು ಕಡೆ ಬೆಳಕು ಹತ್ತಿಕೊಂಡು, ಅರಳಿದ ಹತ್ತಿ ಗಿಡದಂತೆ ಟೊಂಗೆಟೊಂಗೆಯಾಗಿ ಹರಡಿತು. ಅವನು ಬೆರಳಾಡಿಸಿದಂತೆಲ್ಲ ಅದು ಮಿನುಗಿತು. ಮುದುಕ ಬೆರಗಾಗಿ ಇನ್ನಷ್ಟು ಆಡಿಸಿದ.

ಆಮೇಲೆ ವಿರೂಪಾಕ್ಷ ಪಕ್ಕದಲ್ಲಿ ದಾನಮ್ಮನ ಹಳೆಯ ಚಿತ್ರ ಹಾಕಿದ, ಕಸಿಗಿಂತ ಮುಂಚೆ ಅವಳು ಗಾಜಿನಾಚೆಗೆ ಕೈಯಾಡಿಸಿದಾಗಿನದು. ಅದೇ ಗಿಡ, ಅದೇ ಟೊಂಗೆ. ಅವಳಿಗೂ ಟೊಪ್ಪಿಗೆ ತೊಡಿಸಿ ಅದರ ಪಕ್ಕದಲ್ಲಿ ಈಗಿನದನ್ನು ತೋರಿಸಿದ. ಗಿಡವಿದ್ದ ಜಾಗದಲ್ಲಿ ಬೇರೇನೋ ದಟ್ಟವಾಗಿ ಬೆಳೆದಿತ್ತು, ಅದರಡಿಯಲ್ಲಿ ಕತ್ತಲೆ. ದಾನಮ್ಮ ಮಾತಾಡಲು ಕೈಯೆತ್ತಿದಳು. ಕತ್ತಲೆ ಕತ್ತಲೆಯಾಗಿಯೇ ಇತ್ತು, ಕೈ ಗಾಳಿಯನ್ನು ಸವರಿತು.

ಅಡಿವೆಪ್ಪ ಎದ್ದು ಪರದೆಯ ಹತ್ತಿರ ಹೋದ. ಕತ್ತಲೆಯ ಮೇಲೆ ಬೆರಳಿಟ್ಟ. ತಿರುಗಿ ಮಗಳ ಹಣೆಯ ಮೇಲೆ ಅದೇ ಬೆರಳಿಟ್ಟ. ನಂತರ ತನ್ನ ಎದೆ ಮುಟ್ಟಿ, ಹಾಗಾದರೆ ಇದು ನಾಚಿಕೆಯಲ್ಲವೋ ಎಂದು ಕೇಳಿದ. ಅವಳು ಅಲ್ಲ ಎಂದು ತಲೆಯಲ್ಲಾಡಿಸಿದಳು. ಅವನು ಅವಳ ಎರಡೂ ಕೈಗಳನ್ನು ತೆಗೆದುಕೊಂಡು ಏಟು ಬಿದ್ದ ಕೂಸಿನ ಕೈ ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದ. ವಿರೂಪಾಕ್ಷ ಪರದೆಯ ಮೇಲಿನ ಹೊಸ ಬೆಳೆಯನ್ನು ಕೀಳುವಂತೆ ಕೈಮಾಡಿ, ಅದನ್ನು ತೆಗೆದರೆ ಹಳೆಯ ಗಿಡ ಮತ್ತೆ ಬರುತ್ತದೆ ಎಂದು ತೋರಿಸಿ, ಗೋಡೆಯ ಕಡೆ ಮುಖ ಮಾಡಿ ನಿಂತ.

ಅಲ್ಲಿಂದ ನೇರ ಮನೆಗೆ ಹೋಗಬೇಕಿತ್ತು. ದಾನಮ್ಮ ಅಪ್ಪನನ್ನು ಶೆಡ್ಡಿಗೆ ಕರೆದುಕೊಂಡು ಹೋದಳು. ಇನ್ನು ಎರಡು ದಿನಕ್ಕೆ ಹೋಗುವ ಕೆಲಸ, ಒಂದು ಸಲ ಅವನು ನೋಡಲಿ ಎಂದು ಅವಳಿಗೆ ಆಸೆಯಾಯಿತು.

ಉಜ್ಜುವ ಯಂತ್ರಗಳು ಅರಚುತ್ತಿದ್ದವು. ಸದ್ದು ತಡೆಯಲು ಎಲ್ಲರ ಕಿವಿಯಲ್ಲೂ ಬೆಂಡು. ಒಳಗೆ ಕಾಲಿಟ್ಟ ಅಡಿವೆಪ್ಪ ಬೂಟು ಕಳಚಿ, ಕಾಲುಚೀಲದಲ್ಲೇ ನಿಂತ. ನೆಲದ ನಡುಕ ಅವನ ಅಂಗಾಲಿಗೆ ಹತ್ತಿತು. ಬಂದಾಗಿನಿಂದ ಬಾಡಿಕೊಂಡಿದ್ದ ಮುಖ ಬದಲಾಯಿತು. ಬಿಳಿಯ ಪುಡಿ ಗಾಳಿಯಲ್ಲಿ ಹಾರಾಡುತ್ತಿತ್ತು. ಒಬ್ಬ ಕೆಲಸಗಾರ ದೂರದಿಂದ ಇನ್ನೊಬ್ಬನಿಗೆ, ಅಂಟಿನ ಡಬ್ಬಿ ತಾ ಎಂದು ಕೈಮಾಡಿದ. ಅಡಿವೆಪ್ಪನಿಗೆ ಅರ್ಥವಾಯಿತು. ಅವನೇ ಹೋಗಿ ಡಬ್ಬಿ ಎತ್ತಿಕೊಟ್ಟ.

ದಾನಮ್ಮ ರೆಕ್ಕೆಯ ಮೇಲೆ ಕೈಯಿಟ್ಟು ಕೆಲಸ ತೋರಿಸಿದಳು. ತೋರಿಸುತ್ತ ಅದರಲ್ಲೇ ಮುಳುಗಿದಳು. ಬಿರುಕು ಸಿಕ್ಕಿತು, ಗುರುತು ಹಾಕಿದಳು, ಬಟ್ಟೆ ಹಾಸಿದಳು, ಒತ್ತಿದಳು. ತಲೆಯೆತ್ತಿದಾಗ ಅಪ್ಪ ಅವಳನ್ನೇ ನೋಡುತ್ತಿದ್ದ. ಅವಳ ಮುಖವನ್ನು ಹಾಗೆ ಅವನು ಹಿಂದೆಂದೂ ನೋಡಿರಲಿಲ್ಲ. ಅವಳ ಕೂದಲಲ್ಲಿ ಬಿಳಿಯ ನಾರಿನ ಎಳೆಯೊಂದು ಸಿಕ್ಕಿಕೊಂಡಿತ್ತು. ಅವನು ಅದನ್ನು ನಿಜವಾಗಿಯೇ ಕಿತ್ತು ಅಂಗೈಯಲ್ಲಿಟ್ಟು ಊದಿದ.

ಆಮೇಲೆ ಕೇಳಿದ: ಅಂಡಿಗೆ ಹೇಗೆ?

ಅವಳು ಕೈಯೆತ್ತಿದಳು. ಬೆರಳು ಚಪ್ಪಟೆಯಾದವು. ಅಡಿವೆಪ್ಪ ಅವಳ ಬಲಗೈ ಹಿಡಿದು ಒಂದೊಂದೇ ಬೆರಳು ಮಡಚಿದ, ಹೆಬ್ಬೆರಳನ್ನು ಮೇಲೆ ಕೂರಿಸಿದ. ಎಡಗೈಯನ್ನೂ ಹಾಗೇ ಮಾಡಿ ಒಂದರ ಮೇಲೊಂದಿಟ್ಟ. ತನ್ನ ಕೈಯಿಂದ ಸುತ್ತಿ ಹಿಡಿದು ಎಳೆದು ತೋರಿಸಿದ. ಬಿಟ್ಟ. ಬಿಚ್ಚಿಕೊಂಡವು. ಮತ್ತೆ ಮಡಚಿದ. ಸುತ್ತಲಿನವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಎಷ್ಟು ಸಲ ಆಯಿತೋ. ಕೊನೆಗೆ ಒಂದು ಸಲ ಅವನು ಬಿಟ್ಟಾಗ ಮುಷ್ಟಿ ಮುಷ್ಟಿಯಾಗಿಯೇ ನಿಂತಿತು. ದಾನಮ್ಮ ಎಳೆದಳು. ಓರೆಕೋರೆಯಾಗಿ, ಆದರೆ ಎಳೆದಳು.

ಗಟ್ಟಿ.

ಅಡಿವೆಪ್ಪ ನಕ್ಕ. ಇಷ್ಟು ವರ್ಷಕ್ಕೆ ಒಂದು ಸಲ ಬಂತು ಎಂದ. ಹಾಗೆಯೇ ಗಂಭೀರನಾಗಿ, ಅವಳ ಹಣೆ ಮುಟ್ಟಿ, ರೆಕ್ಕೆ ಮುಟ್ಟಿ ಹೇಳಿದ: ಇದನ್ನು ಕಿತ್ತು ಹಾಕಿಸಬೇಡ. ಮಾತು ನಾವೇ ಮಾಡಿದ್ದು. ಮತ್ತೆ ಮಾಡೋಣ.

ದಾನಮ್ಮ ತಕ್ಷಣ ಒಪ್ಪಲಿಲ್ಲ. ಎರಡು ದಿನ ಯೋಚಿಸಿದಳು. ಕಳೆದುಹೋಗುವುದು ಎಷ್ಟು ಎಂದು ಅವಳಿಗೆ ಗೊತ್ತಿತ್ತು. ಗುರುವಾರ ಬೆಳಿಗ್ಗೆ ವಿರೂಪಾಕ್ಷನಿಗೆ ಫೋನು ಮಾಡಿ, "ಇವತ್ತ ಬರೂದಿಲ್ರಿ," ಎಂದಳು.

"ಖರೇನ ಹೇಳ್ತೀರೇನ್ರಿ?"

"ಖರೇನ. ಆದ್ರ ಇನ್ಮ್ಯಾಗ ಬರೂ ಮಂದೀನ ಕೈಗೆ ಏನು ಬರತೈತಿ ಅಂತ ಅಷ್ಟ ಕೇಳಬ್ಯಾಡ್ರಿ. ಮನ್ಯಾಗ ಯಾರ್ಯಾರು ಅದಾರ, ಅವರ ಜೋಡಿ ಏನೇನು ಮಾಡ್ತೀರಿ ಅಂತ ಕೇಳ್ರಿ."

ಹಳೆಯದು ಮರಳಿ ಬರಲಿಲ್ಲ, ಅದನ್ನು ಮುಚ್ಚಿಡುವುದು ಬೇಡ. ನೀಲವ್ವನ ಚೇಷ್ಟೆಗಳನ್ನು ಕೈಯಲ್ಲಿ ಹೇಳಿ ಅಪ್ಪನನ್ನು ನಗಿಸುತ್ತಿದ್ದ ದಾನಮ್ಮ ಈಗ ಇಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಅವಳಿಗೆ ನೀರು, ರೊಟ್ಟಿ, ಬಾ, ಹೋಗು, ಚಳಿ, ಅವ್ವ ಇಷ್ಟು ಬಂದವು. ಅವ್ವ ಎಂಬುದನ್ನು ಕಲಿತ ದಿನ ಇಬ್ಬರೂ ಊಟ ಮಾಡಲಿಲ್ಲ. ಅಡಿವೆಪ್ಪ ದಿನಾ ಬೆಳಿಗ್ಗೆ ಅವಳನ್ನು ಕೆಲಸಕ್ಕೆ ಕಳಿಸಿ, ಸಂಜೆಗೆ ಯಾವ ಮಾತು ಕಲಿಸಬೇಕು ಎಂದು ಕಿಟಕಿಯ ಬಳಿ ಕೂತು ಯೋಚಿಸುತ್ತಿದ್ದ. ಅವಳ ಬೆರಳಿಗೆ ಕಷ್ಟವಾಗುವ ಸನ್ನೆಗಳನ್ನು ಸುಲಭ ಮಾಡಿ ಹೊಸದಾಗಿ ಕಟ್ಟಿದ. ಗಾಳಿಯಂತ್ರಕ್ಕೊಂದು, ಹಿಮಕ್ಕೊಂದು, ಹಾಲಿಲ್ಲದ ಚಹಾಕ್ಕೊಂದು ಮಾಡಿದ.

ಒಂದು ಸಂಜೆ ಅವನು ಎಂದಿನಂತೆ ಕೇಳಿದ, ಅವಳು ಎರಡು ಮುಷ್ಟಿ ಎಳೆದು ತೋರಿಸಿದಳು. ಅವನು ಚಹಾಕ್ಕೆ ಇಡಲು ತಿರುಗಿದ. ದಾನಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು. ತಡವರಿಸುತ್ತ, ಬೆರಳನ್ನು ಕಣ್ಣಿಂದ ನೋಡಿಕೊಳ್ಳುತ್ತ, ಅವನ ಎದೆ ತೋರಿಸಿ ಕೇಳಿದಳು: ನಿನ್ನ ಅಂಡಿಗೆ ಹೇಗೆ?

ಮಿಲ್ಲಿನಲ್ಲಿ ಜೀವ ಸವೆಸಿದ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಅಡಿವೆಪ್ಪ ಅವಳ ಕೈಯನ್ನು, ಅದು ಕೇಳಿದ್ದು ಸರಿಯೇ ಎಂಬಂತೆ, ನೋಡಿದ. ಆಮೇಲೆ ಚಹಾದ ಪಾತ್ರೆ ಕೆಳಗಿಟ್ಟು, ಒಂದರ ಮೇಲೊಂದು ಮುಷ್ಟಿಯಿಟ್ಟು, ತೋಳು ನಡುಗುವಷ್ಟು ಬಿಗಿಯಾಗಿ ಎಳೆದ.